ಬಾಡಿಗೆ ಕಾರಿನ ಚೈನು

ಡೆನ್ವರ್ ವಿಮಾನ ನಿಲ್ದಾಣದಲ್ಲಿ, ತೂಕದ ಯಂತ್ರದ ಮುಂದೆ, ನಾನು ನೆಲದ ಮೇಲೆ ಸೂಟ್‌ಕೇಸ್ ಬಿಚ್ಚಿಕೊಂಡು ಕೂತಿದ್ದೆ. ಒಳಗೆ ಸ್ವೆಟರುಗಳು, ಸ್ವೆಟರುಗಳ ನಡುವೆ ಮಗುವಿನ ಹಾಗೆ ಮಲಗಿಸಿದ್ದ ಕಬ್ಬಿಣದ ಚೈನು. ಹಿಮದ ರಸ್ತೆಯಲ್ಲಿ ಕಾರು ಜಾರದಿರಲೆಂದು ಟೈರಿನ ಸುತ್ತ ಕಟ್ಟುತ್ತಾರಲ್ಲ, ಅದು. ತೂಕ ಹೆಚ್ಚಾಗಿತ್ತು. ನಮ್ಮ ಮನೆಯವರು ತಮಗೂ ಈ ಹೆಂಗಸಿಗೂ ಸಂಬಂಧವೇ ಇಲ್ಲ ಎಂಬಂತೆ ನಾಲ್ಕು ಮಾರು ದೂರ ನಿಂತಿದ್ದರು.

"ಬಿಟ್ಟು ಬಾ ಅದನ್ನ. ಡಲ್ಲಾಸ್‌ನ್ಯಾಗ ಯಾರು ಚೈನ್ ಕಟ್ತಾರ?" ಎಂದರು.

"ಹೊಸಾದು. ಒಂದ್ ಸಲಾನೂ ಕಟ್ಟಿಲ್ಲ. ಹ್ಯಾಂಗ ಬಿಟ್ಟು ಬರ್ಲಿ?"

"ಬಾಡಿಗಿ ಗಾಡಿ ಅಳತಿ ನೋಡಿ ತಗೊಂಡದ್ದು. ನಮ್ಮ ಕಾರಿಗೆ ಆಗ್ತದೋ ಇಲ್ಲೋ."

"ಟೈರ್ ಅಂದಮ್ಯಾಲ ಟೈರ್. ಎಲ್ಲಾ ಗುಂಡಗಽ ಇರ್ತಾವ."

ಪಕ್ಕದಲ್ಲಿದ್ದ ಅಳಿಯ ಮುಖ ತಿರುಗಿಸಿ ನಕ್ಕ. ಮಗಳ ಮದುವೆಯಾದ ವರ್ಷ ಅದು. ನಾಲ್ವರೂ ಹಿಮ ನೋಡಲು ಕೊಲರಾಡೊಗೆ ಹೋಗಿ ದೊಡ್ಡದೊಂದು ಗಾಡಿ ಬಾಡಿಗೆಗೆ ಪಡೆದಿದ್ದೆವು. ಬೆಟ್ಟದ ರಸ್ತೆಗೆ ಚೈನು ಬೇಕಾಗಬಹುದು ಎಂದು ಬೋರ್ಡು ಹಾಕಿದ್ದರು. ಅಂಗಡಿಯವನು ಟೈರಿನ ಪಕ್ಕೆಯ ಮೇಲೆ ಬರೆದಿರುವ ಅಂಕಿ ಕೇಳಿದ. ಮನೆಯವರು ಕೆಸರು ಒರೆಸಿ, ಬಗ್ಗಿ, ಅಂಕಿ ಓದಿ ಬರೆದುಕೊಂಡು ಹೋಗಿ ತಂದರು. ಹೋಟೆಲಿನ ಪಾರ್ಕಿಂಗಿನಲ್ಲಿ ಪೆಟ್ಟಿಗೆ ಒಡೆದು ವಿಡಿಯೋ ನೋಡುತ್ತ ಅಭ್ಯಾಸವನ್ನೂ ಶುರು ಮಾಡಿದ್ದರು. ಅಷ್ಟರಲ್ಲಿ ಬಿಸಿಲು ಬಂತು. ಒಡೆದ ಪೆಟ್ಟಿಗೆಯನ್ನು ಅಂಗಡಿಯವನು ವಾಪಸು ತೆಗೆದುಕೊಳ್ಳಲಿಲ್ಲ. ನಾನು ನನ್ನ ಭಾರದ ಬೂಟುಗಳನ್ನು ಕಾಲಿಗೆ ಹಾಕಿಕೊಂಡು, ಎರಡು ಸ್ವೆಟರ್ ಮೈಮೇಲೆ ಏರಿಸಿಕೊಂಡು, ಚೈನನ್ನು ಡಲ್ಲಾಸಿಗೆ ತಂದೆ. ನಮ್ಮ ಮನೆಯಲ್ಲಿ ಇಂಥ ಜಗಳಗಳಲ್ಲಿ ಗೆಲ್ಲುವುದು ನಾನೇ.

ಅಲ್ಲಿಂದ ಮುಂದೆ ಅದು ಗ್ಯಾರೇಜಿನ ಅಟ್ಟಣಿಗೆಯ ಮೇಲೆ ಕೂತಿತು. ಆಯುಧ ಪೂಜೆಯ ದಿನ ಕಾರಿಗೆ, ಹುಲ್ಲು ಕತ್ತರಿಸುವ ಯಂತ್ರಕ್ಕೆ ಕುಂಕುಮ ಹಚ್ಚುವಾಗ ಆ ಪೆಟ್ಟಿಗೆಗೂ ಒಂದು ಬೊಟ್ಟು ಇಡುತ್ತಿದ್ದೆ. ಯಾರ ಮನೆಯಲ್ಲಾದರೂ ಊಟಕ್ಕೆ ಸೇರಿದಾಗ ಚಳಿಗಾಲದ ಮಾತು ಬಂದರೆ, "ನಮ್ಮ ಕಡೆ ಚೈನ್ ಅದಾವ್ರಿ" ಎಂದು ಹೇಳಿಕೊಳ್ಳುವುದು ನನಗೆ ಚಟವೇ ಆಗಿತ್ತು. ನಮ್ಮ ಕಾರಿನ ಟೈರಿನ ಮೇಲಿನ ಅಂಕಿಯನ್ನು ಮಾತ್ರ ನಾನಾಗಲಿ ಅವರಾಗಲಿ ಒಮ್ಮೆಯೂ ಬಗ್ಗಿ ನೋಡಲಿಲ್ಲ.

ಹೀಗಿರುವಾಗ ಒಂದು ಚಳಿಗಾಲ ಬಂತು. ಮಗಳು ಆಗ ಆಸ್ಟಿನ್ನಿನಲ್ಲಿದ್ದಳು, ದ ಡೊಮೇನ್ ಎಂಬ ಮಾಲಿನ ಹತ್ತಿರದ ಅಪಾರ್ಟ್‌ಮೆಂಟಿನಲ್ಲಿ. ಚೊಚ್ಚಲ ಬಸಿರು, ದಿನ ತುಂಬಲು ಇನ್ನೂ ಮೂರು ವಾರ. ಅಳಿಯ ಎರಡು ದಿನದ ಕೆಲಸಕ್ಕೆಂದು ಹ್ಯೂಸ್ಟನ್ ಪಕ್ಕದ ದ ವುಡ್‌ಲ್ಯಾಂಡ್ಸ್ ಆಫೀಸಿಗೆ ಹೋಗಿದ್ದ. ಮರುದಿನದಿಂದ ಹೆಪ್ಪುಗಟ್ಟುವ ಮಳೆ ಎಂದು ಟೀವಿಯಲ್ಲಿ ಬೆಳಿಗ್ಗೆಯಿಂದ ಬಡಿದುಕೊಳ್ಳುತ್ತಿದ್ದರು. ಅಂಗಡಿಗಳಲ್ಲಿ ಬ್ರೆಡ್ಡು, ಹಾಲು ಖಾಲಿಯಾಗಿದ್ದವು. ಮಗಳು ತನ್ನ ಅಪ್ಪನ ಆಫೀಸಿಗೆ ಫೋನ್ ಮಾಡಿ, ಕರೆಂಟ್ ಹೋಗಬಹುದಂತೆ, ಒಬ್ಬಳೇ ಇದ್ದೇನೆ, ಹೆದರಿಕೆ ಆಗುತ್ತಿದೆ, ಇವತ್ತೇ ಬನ್ನಿ ಎಂದಳು. ಅವಳಿಗೆ ಕನ್ನಡ ತಿಳಿಯುತ್ತದೆ, ಆಡುವುದು ಮಾತ್ರ ಇಂಗ್ಲಿಷು.

ಅವರು ಮಧ್ಯಾಹ್ನವೇ ಮನೆಗೆ ಬಂದರು. ಕೋಟು ಸಹ ತೆಗೆಯದೆ ಅಡುಗೆಮನೆಯ ಬಾಗಿಲಲ್ಲಿ ನಿಂತರು. ನಾನು ಒಲೆಯ ಮುಂದೆ ಅಂಟು ಕರಿಯುತ್ತಿದ್ದೆ. ಬಾಣಂತಿಗೆ ಅಂಟಿನುಂಡೆ ಇಲ್ಲದೆ ಹೆರಿಗೆ ಆಗುವುದು ನಮ್ಮ ಧಾರವಾಡದ ಕಡೆ ಊಹಿಸಲಾಗದ ಮಾತು. ಎರಡು ದಿನದಿಂದ ಒಣಕೊಬ್ಬರಿ ತುರಿದು, ಉತ್ತತ್ತಿ ಬಿಡಿಸಿ ನನ್ನ ಬೆರಳು ಬೊಬ್ಬೆ ಎದ್ದಿದ್ದವು.

"ನಡಿ, ಈಗಽ ಹೊರಡೂಣು. ರಾತ್ರಿ ಮಳಿ ಶುರು ಆದ್ರ ರಸ್ತೆ ಬಂದ್ ಆಗ್ತದ," ಎಂದರು.

"ಬೆಲ್ಲದ ಪಾಕ ಇಟ್ಟೀನಿ. ಹಿಂಗಽ ಬಿಟ್ಟು ಎದ್ದು ಬರ್ಲೇನು?"

"ಆಕಿ ಅಂಜ್ಯಾಳ."

"ಚೊಚ್ಚಲ ಅಲ್ಲೇನ್ರಿ, ಅಂಜ್ತಾಳ. ಇನ್ನೂ ಮೂರು ವಾರ ಅದ. ನಾಳೆ ಮುಂಜಾನೆ ಹೋಗೂಣು. ಚೈನ್ ಅದಾವಲ್ಲ, ಯಾಕ ಗಾಬರಿ ಆಗ್ತೀರಿ?"

ಅವರು ಕೋಟು ತೆಗೆದು ಕುರ್ಚಿಗೆ ಹಾಕಿದರು. ಅವರು ಅವತ್ತು ಒಂದು ಸಲ ಗದರಿಸಿದ್ದರೆ ಒಲೆ ಆರಿಸಿ ಬರುತ್ತಿದ್ದೆನೇನೋ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಅದೂ ಸುಳ್ಳು. ಗದರಿಸಿದ್ದರೆ ಇನ್ನಷ್ಟು ಹಟ ಮಾಡುತ್ತಿದ್ದೆ. ನನ್ನ ಎರಡೂ ಕೈ ಬೆಲ್ಲವಾಗಿದ್ದರಿಂದ ಮಗಳಿಗೆ ಫೋನ್ ಮಾಡಿದವರೂ ಅವರೇ. "ನಾಳೆ ಮುಂಜಾನೆ ಬರ್ತೀವಿ ಪುಟ್ಟಿ. ಚೈನ್ ಅದಾವ, ಏನಾಗೂದಿಲ್ಲ," ಎಂದರು. ನಿಮ್ಮವ್ವ ಏಳುತ್ತಿಲ್ಲ ಎಂದು ಹೇಳಲಿಲ್ಲ.

ಬೆಳಿಗ್ಗೆ ಬಾಗಿಲು ತೆಗೆದರೆ ಊರೇ ಗಾಜಾಗಿತ್ತು. ಹಿಮವಾದರೆ ಕಾಲಿಟ್ಟಲ್ಲಿ ಕುಸಿಯುತ್ತದೆ, ಇದು ಹಾಗಲ್ಲ. ಮೆಟ್ಟಿಲು, ಹುಲ್ಲಿನ ಒಂದೊಂದು ಎಸಳು, ಕಾರಿನ ಬಾಗಿಲು, ಎಲ್ಲದರ ಮೇಲೂ ಗಟ್ಟಿ ಮಂಜುಗಡ್ಡೆ. ಬಾಗಿಲಿಗೆ ಬಿಸಿನೀರು ಹೊಯ್ಯುತ್ತಿರುವಾಗಲೇ ಮಗಳ ಫೋನ್ ಬಂತು. ನೋವು ಶುರುವಾಗಿದೆ, ಕರೆಂಟ್ ಇಲ್ಲ, ಆಂಬುಲೆನ್ಸಿಗೆ ಹೇಳಿದ್ದೇನೆ, ರಸ್ತೆ ಜಾರುತ್ತಿರುವುದರಿಂದ ಯಾವಾಗ ಬರುತ್ತದೋ ಹೇಳಲಾಗದು ಅನ್ನುತ್ತಿದ್ದಾರೆ. ಫೋನಿನಲ್ಲಿ ಚಾರ್ಜ್ ಕಡಿಮೆ ಇದೆ, ಸುಮ್ಮಸುಮ್ಮನೆ ಫೋನ್ ಮಾಡಬೇಡ, ಗಂಟೆಗೊಮ್ಮೆ ನಾನೇ ಮಾಡುತ್ತೇನೆ. ಇಷ್ಟು ಹೇಳಿ ಇಟ್ಟುಬಿಟ್ಟಳು.

ನಾನು ಗ್ಯಾರೇಜಿಗೆ ಓಡಿದೆ. ಕುಂಕುಮ ಹಚ್ಚಿದ ಪೆಟ್ಟಿಗೆಯನ್ನು ನಾನೇ ಇಳಿಸಿಕೊಟ್ಟೆ.

ಮನೆಯವರು ಅಂಗಾತ ಮಲಗಿ ಚೈನನ್ನು ಟೈರಿನ ಹಿಂದಿನಿಂದ ಎಳೆದು ಮುಂದೆ ಕೊಂಡಿ ಹಾಕಿದರು. ಚೈನು ಜೋತುಬಿದ್ದಿತು. ಕೊನೆಯ ಕೊಂಡಿಗೆ ಹಾಕಿದರೂ ಟೈರಿಗೂ ಅದಕ್ಕೂ ನಡುವೆ ಅಂಗೈ ತೂರಿಸುವಷ್ಟು ಜಾಗ. ತಪ್ಪು ಕಟ್ಟಿದ್ದೇವೆ ಎಂದು ಬಿಚ್ಚಿ ಮತ್ತೆ ಕಟ್ಟಿದರು. ಮೂರನೇ ಸಲ ಕಟ್ಟುವಾಗ ಎದುರುಮನೆಯ ಮುದುಕ ಕೋಲೂರಿಕೊಂಡು ನಿಧಾನವಾಗಿ ರಸ್ತೆ ದಾಟಿ ಬಂದ. ಕೊಲರಾಡೊದಲ್ಲಿ ಎಷ್ಟೋ ವರ್ಷ ಇದ್ದವನು. ಪೆಟ್ಟಿಗೆಯ ಮೇಲಿನ ಅಂಕಿ ಓದಿದ, ಟೈರಿನ ಅಂಕಿ ಓದಿದ. ಇದು ಇನ್ನೂ ದೊಡ್ಡ ಗಾಡಿಯದು, ಇದನ್ನು ಕಟ್ಟಿ ಹೊರಡಬೇಡಿ ಎಂದ. ಅವನ ಧ್ವನಿಯಲ್ಲಿ ಬೈಗುಳ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ನಮ್ಮವರು ಕೇಳಲಿಲ್ಲ. ಹೆಚ್ಚಿನ ಕೊಂಡಿಗಳನ್ನು ನೈಲಾನ್ ಹಗ್ಗದಿಂದ ಬಿಗಿದರು. ಬೆರಳು ನೀಲಿಗಟ್ಟಿ, ಗಂಟು ಹಾಕಲಾಗದೆ ಹಗ್ಗದ ತುದಿಯನ್ನು ಹಲ್ಲಿನಿಂದ ಎಳೆದರು. ನಾನು ಉಂಡೆಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಪಕ್ಕದ ಸೀಟಿನಲ್ಲಿ ಕೂತೆ. ಕಾರು ನಮ್ಮ ಅಂಗಳ ಇಳಿಯಿತು, ಪಕ್ಕದ ಮನೆ ದಾಟಿತು, ಇನ್ನೊಂದು ಮನೆ ದಾಟಿತು. ನನ್ನ ಮನಸ್ಸು ಆಗಲೇ ಆಸ್ಟಿನ್ ತಲುಪಿತ್ತು. ಅಷ್ಟರಲ್ಲಿ ಧಡಧಡ ಸದ್ದಾಗಿ ಹಗ್ಗ ಹರಿಯಿತು. ಚೈನು ಚಕ್ರದ ಒಳಗೆ ಸುತ್ತಿಕೊಂಡು ಏನನ್ನೋ ಕಿತ್ತಿತು. ಬ್ರೇಕ್ ಕಾಲಿಗೆ ಸಿಗಲಿಲ್ಲ. ಕಾರು ತನ್ನಷ್ಟಕ್ಕೆ ಅಡ್ಡ ತಿರುಗಿ ಯಾರದೋ ಮೇಲ್‌ಬಾಕ್ಸಿಗೆ ಒರಗಿ ನಿಂತಿತು. ಇನ್ನೂರು ಮೈಲಿ ದಾರಿಯಲ್ಲಿ ನಾವು ಹೋದದ್ದು ಮೂರು ಮನೆಯಷ್ಟು ದೂರ.

ಅಲ್ಲಿಂದ ಮನೆಗೆ ಒಬ್ಬರನ್ನೊಬ್ಬರು ಹಿಡಿದುಕೊಂಡು, ಹುಲ್ಲಿನ ಮೇಲೆ ಕಾಲೂರುತ್ತ ಬಂದೆವು. ಬಿಡಿಭಾಗದ ಅಂಗಡಿಗಳಿಗೆಲ್ಲ ಫೋನ್ ಮಾಡಿದೆ. ಅರ್ಧ ಮುಚ್ಚಿದ್ದವು. ಎತ್ತಿದ ಒಬ್ಬ, ಇದು ಟೆಕ್ಸಸ್ ಮೇಡಂ, ಇಲ್ಲಿ ಯಾರು ಚೈನು ಇಡುತ್ತಾರೆ ಎಂದ. ನಮ್ಮ ಮನೆಯವರು ವಿಮಾನ ನಿಲ್ದಾಣದಲ್ಲಿ ಹೇಳಿದ್ದ ಮಾತೇ. ಬಸ್ಸಿಲ್ಲ, ವಿಮಾನವಿಲ್ಲ, ಕ್ಯಾಬಿನ ಆ್ಯಪು ಸುತ್ತುತ್ತಲೇ ಇತ್ತು.

ಅಷ್ಟರಲ್ಲಿ ಅಳಿಯನ ಫೋನು. ಮೈಸೂರಿನ ಹುಡುಗ, ಎಂದೂ ಧ್ವನಿ ಏರಿಸಿದವನಲ್ಲ. "ಅತ್ತೆ, ಹೊರಟ್ರಾ? ಇಲ್ಲಿ ಫ್ರೀವೇ ಕ್ಲೋಸ್ ಮಾಡ್ಬಿಟ್ಟಿದ್ದಾರೆ. ಎರಡು ಸಲ ಟ್ರೈ ಮಾಡ್ದೆ, ಪೊಲೀಸ್ರು ವಾಪಸ್ ಕಳಿಸಿದ್ರು. ನೀವಾದ್ರೂ ಹೋಗ್ತೀರಲ್ವಾ? ಮಾವ ಚೈನ್ ಇದೆ ಅಂದಿದ್ರಂತೆ." ಆಗುವುದಿಲ್ಲ ಎಂದು ಹೇಳಬೇಕಿತ್ತು. ಫೋನನ್ನು ಮನೆಯವರ ಕೈಗೆ ಕೊಟ್ಟೆ.

ಆಮೇಲೆ ಮಾಡಲು ಏನೂ ಇರಲಿಲ್ಲ. ಹೀಗೆ ಏನೂ ಇಲ್ಲದೆ ನಾನು ಜೀವಮಾನದಲ್ಲಿ ಕೂತವಳಲ್ಲ. ಒಲೆ ಒರೆಸಿದೆ. ಒರೆಸಿದ ಒಲೆಯನ್ನೇ ಮತ್ತೆ ಒರೆಸಿದೆ. ದೇವರ ಮುಂದೆ ದೀಪ ಹಚ್ಚಿ, ದೇವರ ಮೇಲೇ ಸಿಟ್ಟಾಗಿ ಎದ್ದು ಬಂದೆ. ಕೈಯಲ್ಲಿ ಫೋನಿತ್ತು, ಒಂದು ಗುಂಡಿ ಒತ್ತಿದರೆ ಮಗಳ ಧ್ವನಿ ಸಿಗುತ್ತಿತ್ತು, ಒತ್ತುವ ಹಾಗಿರಲಿಲ್ಲ. ನಾನು ಮಾತಾಡಿದಷ್ಟೂ ಅವಳ ಚಾರ್ಜು ಇಳಿಯುತ್ತದೆ. ಗೋಡೆಯ ಗಡಿಯಾರ ನೋಡುತ್ತ ಕೂತೆವು. ನಮ್ಮ ಮನೆಯವರು ಒಂದೇ ಒಂದು ಸಲ "ನಿನ್ನೆ ಹೋಗಿದ್ರ" ಎಂದಿದ್ದರೆ ಜಗಳವಾಡಿಯಾದರೂ ಹೊತ್ತು ಕಳೆಯುತ್ತಿದ್ದೆ. ಅವರು ಅನ್ನಲಿಲ್ಲ.

ಹನ್ನೊಂದಕ್ಕೆ ಮಗಳು ಫೋನ್ ಮಾಡಿದಳು. ಕೆಳಗಿನ ಮನೆಯ ಮುದುಕಿಯೊಬ್ಬಳು ಕಂಬಳಿ ತಂದು ಪಕ್ಕದಲ್ಲಿ ಕೂತಿದ್ದಾಳಂತೆ. ಸ್ಪ್ಯಾನಿಷ್ ಆಡುವವಳು, ಇಂಗ್ಲಿಷು ಅಷ್ಟಕ್ಕಷ್ಟೆ. ಮಗಳಿಗೆ ನೋವು ಬಂದಾಗ ಮಾತು ನಿಂತಿತು. ಆಗ ಆ ಹೆಂಗಸು ಮೆಲ್ಲಗೆ ಏನೋ ಹೇಳುವುದು ಕೇಳಿಸಿತು. ಅರ್ಥವಾಗಲಿಲ್ಲ, ಅರ್ಥವಾಗದಂಥದ್ದೂ ಏನಿರಲಿಲ್ಲ. ಅವಳು ದೇವರ ಹಾಗೆ ಬಂದವಳು, ಕೈ ಮುಗಿಯಬೇಕು, ಗೊತ್ತು. ಆದರೆ ನನಗೆ ಮೊದಲು ಬಂದದ್ದು ಹೊಟ್ಟೆಕಿಚ್ಚು. ನನ್ನ ಜಾಗದಲ್ಲಿ ಕೂತಿದ್ದಾಳೆ ಅನಿಸಿತು.

ಹನ್ನೆರಡಕ್ಕೆ ಫೋನ್ ಬರಲಿಲ್ಲ. ಒಂದಕ್ಕೂ ಇಲ್ಲ. ನಾನೇ ಮಾಡಿದೆ, ಸ್ವಿಚ್ ಆಫ್. ಎರಡು, ಮೂರು, ನಾಲ್ಕು. ಐದಾಗುತ್ತಿರುವಾಗ ಗೊತ್ತಿಲ್ಲದ ನಂಬರಿನಿಂದ ಒಂದು ಫೋಟೋ ಬಂತು. ಆಸ್ಪತ್ರೆಯ ಬಟ್ಟೆಯಲ್ಲಿ ಸುತ್ತಿದ ಕೆಂಪು ಮುಖ, ಹೆಣ್ಣು, ಇಬ್ಬರೂ ಚೆನ್ನಾಗಿದ್ದಾರೆ ಎಂದು ನರ್ಸು ಬರೆದಿದ್ದಳು. ಮನೆಯವರು ಚಪ್ಪಲಿ ಸ್ಟ್ಯಾಂಡಿನ ಮೇಲೆ ಕುಸಿದು ಕೂತು ದೊಡ್ಡ ದನಿಯಲ್ಲಿ ಅತ್ತರು. ಅವರು ಹಾಗೆ ಅತ್ತದ್ದನ್ನು ನಾನು ಹಿಂದೆ ನೋಡಿರಲಿಲ್ಲ.

ಮಂಜು ಕರಗಲು ಇನ್ನೂ ಎರಡು ದಿನ ಹಿಡಿಯಿತು. ಸ್ನೇಹಿತರ ಕಾರು ಕೇಳಿಕೊಂಡು ಆಸ್ಟಿನ್ನಿನ ಆಸ್ಪತ್ರೆಗೆ ಹೋದೆವು. ಬರಿ ನಾಲ್ಕು ತಾಸಿನ ದಾರಿ. ಅಳಿಯ ಹಿಂದಿನ ಸಂಜೆ ತಲುಪಿದ್ದ. ಮಗಳು ಮಗುವನ್ನು ನನ್ನ ಮಡಿಲಿಗೆ ಕೊಟ್ಟಳು. ಆಮೇಲೆ ಅಪ್ಪನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕೇಳಿದಳು: ನಾನು ಇವತ್ತೇ ಬನ್ನಿ ಅಂದಿದ್ದೆ, ಯಾಕೆ ಬರಲಿಲ್ಲ?

ನಾನು ತಲೆ ಎತ್ತಿದೆ. ಅವರು ನನ್ನ ಕಡೆ ನೋಡಲಿಲ್ಲ.

"ನಂದಽ ತಪ್ಪು ಪುಟ್ಟಿ. ಚೈನ್ ಅದಾವ ಅಂತ ಧೈರ್ಯ ಮಾಡಿದೆ."

ಹಸಿ ಬಾಣಂತಿ, ಈಗ ಮನಸ್ಸು ಕೆಡಿಸುವುದು ಬೇಡ, ನಾಳೆ ಹೇಳಿದರಾಯಿತು ಎಂದು ನಾನು ಸುಮ್ಮನಾದೆ. ಹಾಗೆಂದು ನನಗೆ ನಾನೇ ಹೇಳಿಕೊಂಡದ್ದು. ನಿಜ ಏನೆಂದರೆ ನನಗೆ ಹೆದರಿಕೆಯಾಗಿತ್ತು. ಹೊರಗೆ ಕಾರಿಡಾರಿನಲ್ಲಿ ಅವರನ್ನು ತಡೆದು, "ಯಾಕ್ರಿ ಹಂಗಂದ್ರಿ?" ಎಂದೆ.

"ಬಾಣಂತನ ಮಾಡಾಕಿ ನೀನು," ಎಂದರು. "ನಿನ್ನ ಮ್ಯಾಲ ಸಿಟ್ಟಾದ್ರ ಆಕಿ ಯಾರ ಹತ್ರ ಹೋಗಬೇಕು? ನನ್ನ ಮ್ಯಾಲ ಆದ್ರ ನಡೀತದ."

ಮೂರು ತಿಂಗಳು ಅಲ್ಲಿದ್ದು ಎರೆದು, ಉಣಿಸಿ, ಕೂಸಿಗೆ ಕಾಸಿದ ಎಣ್ಣೆ ತಿಕ್ಕಿ ಬಂದೆ. ಅಮ್ಮ ಇಲ್ಲದಿದ್ದರೆ ಏನಾಗುತ್ತಿತ್ತೋ ಎಂದು ಮಗಳು ಕಂಡವರಿಗೆಲ್ಲ ಹೇಳುತ್ತಾಳೆ. ಅಪ್ಪನೊಂದಿಗೆ ಜಗಳವೇನಿಲ್ಲ. ಹಬ್ಬಕ್ಕೆ ಬರುತ್ತಾಳೆ, ಔಷಧಿ ತೆಗೆದುಕೊಂಡಿರಾ ಎಂದು ಕೇಳುತ್ತಾಳೆ. ಆದರೆ ಮೊದಲು ಪ್ರತಿಯೊಂದಕ್ಕೂ ಅವರ ಆಫೀಸಿಗೆ ಫೋನ್ ಮಾಡುತ್ತಿದ್ದವಳು ಈಗ ಮಾಡುವುದಿಲ್ಲ. ಅವರು ಮಧ್ಯಾಹ್ನದ ಹೊತ್ತು ಫೋನನ್ನು ಮೇಜಿನ ಮೇಲೆ ಕಾಣುವ ಹಾಗೆ ಇಟ್ಟುಕೊಳ್ಳುವುದನ್ನು ಇನ್ನೂ ಬಿಟ್ಟಿಲ್ಲ. ಹೇಳಬೇಕು ಎಂದು ನಾನು ಎಷ್ಟು ಸಲ ಹೊರಟಿಲ್ಲ! ಒಂದೊಂದು ದಿನ ಹೋದ ಹಾಗೆ ಹೇಳುವುದು ಇನ್ನಷ್ಟು ಕಷ್ಟವಾಗುತ್ತ ಹೋಯಿತು.

ಕಳೆದ ವಾರ ಮಗಳು ಫೋನ್ ಮಾಡಿದ್ದಳು. ಮತ್ತೆ ಬಸಿರು, ಈ ಸಲವೂ ಚಳಿಗಾಲಕ್ಕೇ ದಿನ. ನಾನು ರೊಟ್ಟಿ ಬಡಿಯುತ್ತಿದ್ದುದರಿಂದ ಫೋನ್ ಸ್ಪೀಕರಿನಲ್ಲಿತ್ತು. ಅವರು ಮೇಜಿನ ಹತ್ತಿರ ಕೂತು ಕೊತ್ತಂಬರಿ ಸೋಸುತ್ತಿದ್ದರು. ಈ ಸಲ ಒಂದು ತಿಂಗಳು ಮೊದಲೇ ಬಾ ಎಂದಳು. ವಿಮಾನದಲ್ಲಿ ಬಾ, ಒಬ್ಬಳೇ ಬಾ. ಯಾವಾಗ ಹೊರಡಬೇಕು ಅನ್ನುವುದನ್ನು ಅಪ್ಪನ ಕೈಗೆ ಬಿಡಬೇಡ.

ಕೊತ್ತಂಬರಿ ಸೋಸುವ ಕೈ ನಿಂತಿತು. ನಾನು ಹಿಟ್ಟಿನ ಕೈಯಲ್ಲೇ ಫೋನಿನ ಕಡೆ ಬಾಗಿದೆ. ಹೇಳಿಬಿಡುವವಳಿದ್ದೆ. ಅವರು ನನ್ನನ್ನು ನೋಡಿ ಬೇಡ ಎಂದು ತಲೆಯಾಡಿಸಿದರು.

"ಆತವ್ವ," ಎಂದೆ. "ನಾ ಒಬ್ಬಾಕಿನಽ ಬರ್ತೀನಿ."