ಕಣದಲ್ಲಿ ಹಾಸಿದ ಕಾರು

ಸಾವಕಾರರ ಎರಡೂ ಹೆಬ್ಬೆರಳುಗಳ ತುದಿಗಳು ಸವೆದು ನುಣ್ಣಗಾಗಿದ್ದವು. ಗೆರೆ ಎಂಬುದೇ ಉಳಿದಿರಲಿಲ್ಲ. ಮೊಬೈಲ್ ಸಿಮ್ ಕೊಳ್ಳಲು ಹೋದಾಗ ಅಂಗಡಿಯವನ ಯಂತ್ರದ ಮೇಲೆ ಅವರು ಎಷ್ಟು ಸಲ ಒತ್ತಿದರೂ ಅದು ಒಪ್ಪದೆ ಕೆಂಪು ದೀಪ ತೋರಿಸುತ್ತಿತ್ತು. "ಗದಗ-ಬೆಟಗೇರ್‍ಯಾಗ ನನ್ನ ಗುರ್ತು ಸಿಗದಾಂವ ಇಂವೊಬ್ಬ ಹುಟ್ಯಾನ ನೋಡು" ಎಂದು ಯಂತ್ರದ ಕಡೆ ಕೈ ಮಾಡಿ ನಕ್ಕಿದ್ದರು.

ಆ ಬೆರಳು ಸವೆದದ್ದು ಹತ್ತಿಯಿಂದ. ಬೆಟಗೇರಿಯಲ್ಲಿ ಅವರದು ಹಳೆಯ ಅಡತಿ ಅಂಗಡಿ. ಸುತ್ತಲಿನ ರೈತರು ತಂದ ಹತ್ತಿಯನ್ನು ಮಾರಿಸಿಕೊಡುವ ವ್ಯಾಪಾರ. ಹತ್ತಿ ತುಂಬಿದ ದೊಡ್ಡ ಚೀಲದ, ಅಂಡಿಗೆಯ, ಬಾಯಿ ಬಿಚ್ಚಿ, ಮೇಲಿನ ಹತ್ತಿಯನ್ನು ಕಣ್ಣೆತ್ತಿಯೂ ನೋಡದೆ, ತೋಳು ಮುಳುಗುವಂತೆ ಕೈ ಹಾಕಿ ತಳದಿಂದ ಒಂದು ಹಿಡಿ ಎಳೆಯುತ್ತಿದ್ದರು. ಅದನ್ನು ಎರಡು ಹೆಬ್ಬೆರಳ ನಡುವೆ ಹಿಡಿದು ಮೆಲ್ಲಗೆ ಜಗ್ಗಿ, ಎಳೆ ಎಷ್ಟು ಉದ್ದ ಬರುತ್ತದೆಂದು ನೋಡಿ ದರ ಹೇಳುತ್ತಿದ್ದರು. ಅವರು ಹೇಳಿದ ಮೇಲೆ ಚೌಕಾಶಿ ಇರಲಿಲ್ಲ. ನಾನು ಚಿಕ್ಕವನಿದ್ದಾಗ ಅಪ್ಪನ ಜೊತೆ ಹೋಗಿ ಅದನ್ನು ಬಾಯಿ ತೆರೆದು ನೋಡುತ್ತಿದ್ದೆ. ಈಗ ತಲೆ ನರೆತಿದೆ, ಆ ಬೆರಗು ಮಾತ್ರ ಹಾಗೇ ಇದೆ.

ಊರೂರಿನವರು ಅವರನ್ನು ವಾಟ್ನಿಗೆ ಕರೆಯುತ್ತಿದ್ದರು. ಅಣ್ಣತಮ್ಮಂದಿರು ಬೇರೆಯಾಗುವಾಗ ಹೊಲ, ಮನೆ, ಎತ್ತು, ತಪ್ಪೇಲಿ ಎಲ್ಲಕ್ಕೂ ಬೆಲೆ ಕಟ್ಟಿ ಪಾಲು ಮಾಡುವ ಹಿರಿಯರು ಬೇಕಲ್ಲ. ಅವರದೊಂದು ಕಟ್ಟುನಿಟ್ಟು: ವಾಟ್ನಿ ಮುಗಿಯುವ ತನಕ ಆ ಮನೆಯಲ್ಲಿ ಹನಿ ನೀರೂ ಮುಟ್ಟುತ್ತಿರಲಿಲ್ಲ. "ಒಬ್ಬನ ಮನಿ ಚಾ ಕುಡದ್ರ ಇನ್ನೊಬ್ಬನ ಪಾಲು ಸಣ್ಣದು ಕಾಣತೈತಿ" ಅನ್ನುತ್ತಿದ್ದರು. ಸೊರಟೂರಿನ ನಮ್ಮ ಮನೆಯ ವಾಟ್ನಿಯನ್ನೂ ಅವರೇ ಮಾಡಿದ್ದರು. ಅಲ್ಲೇ ಬಂತು ಪೇಚಾಟ.

ನಮ್ಮಜ್ಜನ ಹತ್ತಿರ ಒಂದು ವಿಲಾಯತಿ ಕಾರಿತ್ತು. ಕರಿ ಬಣ್ಣ, ಮುಂದೆ ತಟ್ಟೆಯಷ್ಟು ದೊಡ್ಡ ಎರಡು ದೀಪ. ಅದನ್ನು ಹೊಸದು ಮಾಡಿಸುತ್ತೇನೆಂದು ಅಜ್ಜ ಪೂರ್ತಿ ಬಿಚ್ಚಿಸಿದ. ಕೂಡಿಸುವ ಮೊದಲೇ ತೀರಿಹೋದ. ನಟ್ಟು, ಬೋಲ್ಟು, ಎಂಜಿನ್ನಿನ ಸಾಮಾನೆಲ್ಲ ಚೀಲಗಳಲ್ಲಿ, ಬಾಡಿ ದನದ ಕೊಟ್ಟಿಗೆಯಲ್ಲಿ ಉಳಿಯಿತು. ವಾಟ್ನಿಯ ದಿನ ಅಪ್ಪನೂ ಅವನ ತಮ್ಮ ಕಾಕಾನೂ ಕಾರು ನನಗೆ, ನನಗೆ ಎಂದು ಹಟ ಹಿಡಿದರು. ಸಾವಕಾರರು ಯಾರಿಗೂ ಅನ್ಯಾಯವಾಗಬಾರದೆಂದು ಕಾರನ್ನೂ ಹೊಲದಂತೆ ಎರಡು ಪಾಲು ಮಾಡಿಬಿಟ್ಟರು! ಎಂಜಿನ್ನಿನ ಚೀಲ, ಗಾಲಿ ಅಪ್ಪನಿಗೆ. ಬಾಡಿ, ಬಾಗಿಲು, ಸೀಟು ಕಾಕಾನಿಗೆ. ದೀಪ ಆಚೆಗೊಂದು, ಈಚೆಗೊಂದು.

ವಾರದೊಳಗೆ ಅಪ್ಪ ಚೀಲ ಬಿಚ್ಚಿ ನೋಡಿದರೆ ಕಾರ್ಬೊರೇಟರ್ ಇಲ್ಲ. ಎಂಜಿನ್ನಿಗೆ ಪೆಟ್ರೋಲು ಗಾಳಿ ಬೆರೆಸಿ ಕೊಡುವ ಸಾಮಾನು ಅದು. ಅದಿಲ್ಲದೆ ಎಂಜಿನ್ನು ಬರೀ ಕಬ್ಬಿಣ. ತಮ್ಮನೇ ಎತ್ತಿದ್ದಾನೆ ಎಂದು ಅಪ್ಪ. ತಾನೇ ಬಚ್ಚಿಟ್ಟು ನನ್ನ ಹೆಸರು ಕೆಡಿಸುತ್ತಿದ್ದಾನೆ ಎಂದು ಕಾಕಾ. ಮಾತು ಬೆಳೆದು "ಕಳ್ಳ" ಎನ್ನುವ ತನಕ ಹೋಯಿತು. ಅಂದು ನಿಂತ ಮಾತು ವರ್ಷಗಟ್ಟಲೆ ನಿಂತೇ ಇತ್ತು. ನಡುವೆ ಒಂದೇ ಗೋಡೆ, ಆಚೆ ಒಗ್ಗರಣೆ ಹಾಕಿದರೆ ಈಚೆ ಸೀನು ಬರುತ್ತದೆ. ಆದರೂ ಇಬ್ಬರೂ ಒಬ್ಬರ ಮನೆಯ ಮದುವೆಗೆ ಒಬ್ಬರು ಹೋಗಲಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುವಂತೆ ಕಾರು ಎರಡು ಕೊಟ್ಟಿಗೆಯಲ್ಲಿ ಜಂಗು ಹಿಡಿಯುತ್ತಿತ್ತು.

ನಾನು ದುಡಿಯಲು ಕಲಿತ ಮೇಲೆ ಕಾಕಾನ ಪಾಲನ್ನು ಕೊಂಡು ಕಾರು ಕೂಡಿಸಬೇಕೆಂಬ ಹುಚ್ಚು ಹಿಡಿಯಿತು. ಹುಬ್ಬಳ್ಳಿಯಿಂದ ಬಂದ ಒಬ್ಬ ವ್ಯಾಪಾರಿ ನಮ್ಮ ಅರ್ಧವನ್ನು ನೋಡಿ ಗುಜರಿಯ ದರ ಹೇಳಿ ಹೋದ. ಇನ್ನೊಬ್ಬ ಕಾಕಾನ ಅರ್ಧ ನೋಡಿ, ಎಂಜಿನ್ ಇದ್ದಿದ್ದರೆ ಬಂಗಾರ ಎಂದನಂತೆ. ಬೆಲೆ ಎಷ್ಟು ಎಂದು ಹೇಳುವವರು ಯಾರು? ಇದಕ್ಕಿಂತ ದೊಡ್ಡ ಆಸೆಯೊಂದು ನನಗಿತ್ತು. ಅಪ್ಪನಿಗೆ ವಯಸ್ಸಾಗಿತ್ತು. ರೊಟ್ಟಿ ಮುರಿಯುತ್ತ ಕೂತವನು ಇದ್ದಕ್ಕಿದ್ದಂತೆ, "ನನ್ನ ತಮ್ಮ ನನ್ನ ಕಳ್ಳ ಅಂದ" ಅನ್ನುತ್ತಿದ್ದ. ಆ ಮಾತು ಹೊಟ್ಟೆಯಲ್ಲಿಟ್ಟುಕೊಂಡೇ ಅವನು ಹೋಗಬಾರದು ಎಂದು ನಾನು ಬೆಟಗೇರಿಗೆ ಹೋದೆ.

"ಸಾವಕಾರ್‍ರ, ಬಂದು ಕಾರಿಗೆ ಬೆಲಿ ಕಟ್ಟಿ ಕೊಡ್ರಿ" ಅಂದೆ.

ಅವರು ಕೈಯಲ್ಲಿದ್ದ ಹತ್ತಿಯನ್ನು ಕೆಳಗಿಟ್ಟರು. "ಅದು ನಾನ ಮಾಡಿದ ವಾಟ್ನಿ" ಅಂದರು. ಆಮೇಲೆ, "ಸುಗ್ಗಿ ಮುಗೀಲಿ. ಕಣ ಖಾಲಿ ಆದಮ್ಯಾಲೆ ಬರ್ತೀನಿ. ಎರಡೂ ಮನಿ ಸಾಮಾನು ಅಲ್ಲಿ ತಂದು ಹಾಕ್ರಿ. ಬಿಡಿ ಸಾಮಾನಿಗೆ ಬೆಲಿ ಕಟ್ಟಾಕ ನಂಗ ಬರೂದಿಲ್ಲ" ಅಂದರು.

ಜೋಳ ಒಕ್ಕಿ ಮುಗಿದ ಮೇಲೆ ಹೇಳಿದಂತೆ ಬಂದರು. ಅವರ ಮಾತೆಂದು ಅಪ್ಪನೂ ಕಾಕಾನೂ ಸಾಮಾನು ತಂದರು, ಒಬ್ಬರ ಮುಖ ಒಬ್ಬರು ನೋಡದೆ. ಸಾವಕಾರರು ಕೋಲಿನಿಂದ ಕಣದ ನೆಲದ ಮೇಲೆ ಕಾರಿನಷ್ಟು ಉದ್ದಗಲದ ಗೆರೆ ಎಳೆದರು. ಮುಂದಿನದು ಮುಂದೆ, ಹಿಂದಿನದು ಹಿಂದೆ, ಎಲ್ಲಿಯದು ಅಲ್ಲೇ ಇಡಬೇಕು. ಎಡ ದೀಪ ಅಪ್ಪ ಇಟ್ಟ, ಬಲ ದೀಪ ಕಾಕಾ ಇಟ್ಟ. ಸ್ಟೇರಿಂಗ್ ಎಲ್ಲಿ ಬರುತ್ತದೆಂದು ನನಗೆ ತಿಳಿಯದೆ ನಿಂತಾಗ ಕಾಕಾ ನನ್ನ ಕೈಯಿಂದ ಕಸಿದು ತಾನೇ ಇಟ್ಟ. ಬಿಸಿಲೇರುವ ಹೊತ್ತಿಗೆ ಅಜ್ಜನ ಕಾರು ಕಣದ ತುಂಬ ಅಂಗಾತ ಮಲಗಿತ್ತು. ಇಷ್ಟು ದಿನ ನಾವು ಅದನ್ನು ಸಾಮಾನು ಅನ್ನುತ್ತಿದ್ದೆವು, ಅದು ಕಾರು ಎಂದು ಅವತ್ತೇ ಕಂಡದ್ದು.

ಸಾವಕಾರರು ಸುತ್ತು ಹಾಕಿದರು. ಇದ್ದ ಸಾಮಾನಿನ ಕಡೆ ಅವರ ಲಕ್ಷ್ಯವಿರಲಿಲ್ಲ. ಬರಿ ನೆಲ ಕಂಡಲ್ಲೆಲ್ಲ ನಿಲ್ಲುತ್ತಿದ್ದರು. "ಇಲ್ಲಿ ಕನ್ನಡಿ ಇತ್ತು, ಸಿಗತೈತಿ. ಇಲ್ಲಿ ರಬ್ಬರು, ಹಾಕಸಬಹುದು." ಎಂಜಿನ್ನಿನ ಹತ್ತಿರ ಬಂದು ನಿಂತರು. ಕಾರ್ಬೊರೇಟರಿನ ಜಾಗ ಬರಿ ನೆಲ. ಅವರು ತಲೆಯ ರುಮಾಲು ತೆಗೆದು ಆ ಖಾಲಿ ಜಾಗದ ಮೇಲೆ ಗುಪ್ಪೆಯಾಗಿ ಇಟ್ಟರು.

"ಇಲ್ಲಿದು ಯಾರ ಹಂತೇಕ ಐತಿ ಅಂತ ನಾ ಕೇಳೂದಿಲ್ಲ. ಈಗ ಎಲ್ಲಾರೂ ಮನೀಗೆ ಹೋಗಿ ಉಂಡು ಬರ್‍ರಿ. ಇಡಬೇಕು ಅನ್ನಾವ್ರು ರುಮಾಲದ ಬುಡಕ ಇಟ್ಟು ಹೋಗ್ರಿ. ನಾ ಆ ಬೇವಿನ ಗಿಡದ ಕೆಳಗ ಈ ಕಡೆ ಬೆನ್ನ ಮಾಡಿ ಮಲಗಿರ್ತೀನಿ."

ಅವರು ನಮ್ಮ ಮನೆಯಲ್ಲಿ ಉಣ್ಣುವವರಲ್ಲ, ಕರೆಯುವ ಪ್ರಶ್ನೆಯೇ ಇರಲಿಲ್ಲ. ನಾವು ನಮ್ಮ ಮನೆಗೆ ಹೋದೆವು, ಕಾಕಾ ತನ್ನ ಮನೆಗೆ ಹೋದ. ಅಪ್ಪ ನನ್ನ ಕಣ್ಣೆದುರೇ ಕೂತು ಉಂಡ, ಎಲ್ಲಿಗೂ ಏಳಲಿಲ್ಲ. ತಿರುಗಿ ಬಂದಾಗ ಸಾವಕಾರರು ರುಮಾಲು ಎತ್ತಿದರು. ಮಸಿ ಹಿಡಿದ ಒಂದು ಕಾರ್ಬೊರೇಟರ್ ಅಲ್ಲಿತ್ತು.

ರುಮಾಲು ಕೊಡವಿ ತಲೆಗೆ ಸುತ್ತಿಕೊಳ್ಳುತ್ತ ಅವರೆಂದರು: "ಈಗ ಕೇಳ್ರಿ ಬೆಲಿ. ಒಬ್ಬೊಬ್ಬರ ಹಂತೇಕ ಇರೂದು ಗುಜರಿ. ಕೂಡಿದ್ರ ಎರಡೆಕರೆ ಎರಿ ಹೊಲದ ಬೆಲಿ. ಕೊಳ್ಳಾವ್ರು ಯಾರು, ಮಾರಾವ್ರು ಯಾರು?"

ಅಪ್ಪ ಕಾಕಾನ ಕಡೆ ತಿರುಗಿದ. ನನಗೆ ಈಗಲೂ ಆ ಮಾತು ಕಿವಿಯಲ್ಲಿದೆ. "ಲೇ, ಉಂಡಿಯೇನು?" ಎಂದು ಕೇಳಿದ. ಕಾಕಾ ನೆಲ ನೋಡುತ್ತ "ಹೂಂ, ನೀ?" ಅಂದ. ಆಮೇಲೆ ಕೊಳ್ಳುವ ಮಾರುವ ಮಾತು ಯಾರೂ ಎತ್ತಲಿಲ್ಲ. ಸಾವಕಾರರು ಅವತ್ತು ನಮ್ಮ ಮನೆಯಲ್ಲಿ ಚಾ ಕುಡಿದರು, ಗೋಡೆಯಾಚೆ ಹೋಗಿ ಇನ್ನೊಂದು ಕುಡಿದರು.

ಕಾರು ಕೂಡಿಸಲು ಮುಳಗುಂದ ನಾಕಾದ ಹತ್ತಿರದ ಮೇಸ್ತ್ರಿಗೆ ಕೊಟ್ಟೆವು. ಅವನು ಕಾರ್ಬೊರೇಟರ್ ಕೈಗೆತ್ತಿಕೊಂಡವನೇ ನಕ್ಕ. "ಇದು ನಿಮ್ಮ ಗಾಡೀದಲ್ರೀ. ಕುಂಡ್ರತೈತಿ, ಆದ್ರ ಇದರದಲ್ಲ. ಬೆಟಗೇರಿ ಸಾವಕಾರ್‍ರು ನನ್ನ ಹಂತೇಕಿಂದ ಒಯ್ದಿದ್ರು. ನಾ ಸ್ವಚ್ಛ ಮಾಡಿ ಕೊಟ್ರ, ಹೊಳಿಯೂದು ಬ್ಯಾಡೋ, ಮಸಿ ಹಚ್ಚಿ ಕೊಡು ಅಂದ್ರು. ಮುದುಕಗ ಅರವತ್ತರ ಅರಳುಮರಳು ಅಂತ ತಿಳ್ಕೊಂಡಿದ್ದೆ!"

ನಾನು ಬೈಕು ತಿರುಗಿಸಿ ನೆಟ್ಟಗೆ ಬೆಟಗೇರಿಗೆ ಹೋದೆ. ಅವರು ಅಂಗಡಿಯ ಕಟ್ಟೆಯ ಮೇಲಿದ್ದರು. ಕೇಳಿದೆ. ಮುಚ್ಚಿಡಲಿಲ್ಲ.

"ಹತ್ತಿ ಆಗಿದ್ರ ತಳತನಾ ಕೈ ಹಾಕಿ ನೋಡತಿದ್ದೆ. ಕಬ್ಬಣ ಅಂತ ಬಿಟ್ಟೆ. ಚೀಲ ಬಿಚ್ಚದನ ಪಾಲ ಮಾಡಿದೆ. ಆ ಸಾಮಾನು ವಾಟ್ನಿಗಿಂತ ಮದಲ ಇರಲಿಲ್ಲ ಅನಸ್ತೈತಿ. ನಿಮ್ಮಜ್ಜ ಎಲ್ಲಿ ದುರಸ್ತಿಗೆ ಕೊಟ್ಟಿದ್ನೋ ಏನೋ. ಇಬ್ರೂ ಕದ್ದಿಲ್ಲ. ಕಳ್ಳತನ ಹುಟ್ಟಿಸಿದಾಂವ ನಾನು."

"ಹಂಗಾದ್ರ ಖರೇದು ಹೇಳಿಬಿಡೂಣಲ್ರಿ?"

"ನಾನೂ ಹೇಳಿದ್ನಲ್ಲೋ, ಅವತ್ತ ಜಗಳ ಹತ್ತಿದಾಗ ಇಬ್ಬರ ಮನೀಗೂ ಹೋಗಿ! ಕೇಳಲಿಲ್ಲ. ತಮ್ಮನ್ನ ಉಳಸಾಕ ಹೇಳತೀರಿ ಅಂದ ನಿಮ್ಮಪ್ಪ. ಅಣ್ಣನ್ನ ಉಳಸಾಕ ಅಂದ ನಿಮ್ಮ ಕಾಕಾ. ಈಗ ನೋಡು. ಅಂವಾ ಇವನ್ನ ಮಾಫ ಮಾಡೀನಿ ಅಂತಾನ, ಇಂವಾ ಅವನ್ನ. ಇಬ್ರೂ ತಾವ ದೊಡ್ಡಾವ್ರಾಗ್ಯಾರ. ಆಗ್ಲಿ ಬಿಡು."

ಸತ್ಯ ಹೇಳಿದಾಗ ಕೂಡದ ಮನೆಗಳನ್ನು ಮಸಿ ಹಚ್ಚಿದ ಒಂದು ಸಾಮಾನಿನಿಂದ ಕೂಡಿಸಿದ ಆ ಮುದುಕರ ಕಾಲು ಮುಟ್ಟಿ ಬಂದೆ.

ಅವರು ತೀರಿಕೊಂಡದ್ದು ಹೋದ ವರ್ಷ. ಮಣ್ಣಿಗೆ ಅಪ್ಪ, ಕಾಕಾ ಇಬ್ಬರನ್ನೂ ಅದೇ ಕಾರಿನಲ್ಲಿ ಕರೆದೊಯ್ದೆ. ಎಲ್ಲ ಮುಗಿದು ಕಾಕಾ ಕೈಕಾಲು ತೊಳೆಯಲು ಹೋದಾಗ ಅಪ್ಪ ನನ್ನ ಕಿವಿಯಲ್ಲಿ, "ಎಂಥಾ ಹಿರ್‍ಯಾ! ಆದ್ರ ನಿಮ್ಮ ಕಾಕಾನ ಕಳ್ಳ ಅಂತ ಅವರಿಗೆ ಕಡೀತನಾ ಗೊತ್ತಾಗಲಿಲ್ಲ. ನೀ ಯಾರಿಗೂ ಹೇಳಬ್ಯಾಡ, ನನ್ನ ತಮ್ಮನ ಮರ್ಯಾದಿ ಪ್ರಶ್ನಿ" ಅಂದ. ಅಪ್ಪ ಕಾರು ಹತ್ತಿ ಕೂತ ಮೇಲೆ ಕಾಕಾ ಒದ್ದೆ ಕೈಯಿಂದಲೇ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದ. "ರುಮಾಲದ ಬುಡಕ ನಿಮ್ಮಪ್ಪನ ಇಟ್ಟಿದ್ದ ಅಂತ ನಾ ಯಾರ ಮುಂದೂ ಅಂದಿಲ್ಲ. ನೀನೂ ಅನಬ್ಯಾಡ" ಅಂದ.

ನಾನು ಇಬ್ಬರಿಗೂ ಹೂಂ ಅಂದೆ.