ದೀಪ ದೊಡ್ಡದು ಮಾಡಿ ಮಲಗಿದವಳು

ಸುದ್ದಿ ಬಂದಾಗ ನಾನು ಪಡಸಾಲೆಯಲ್ಲಿ ಮೆಂತ್ಯೆಪಲ್ಯದ ಎಲೆ ಬಿಡಿಸಿ ಸೋಸುತ್ತಾ ಕುಳಿತಿದ್ದೆ. ನಮ್ಮ ಮನೆಯ ಭಾಂಡೆ ತಿಕ್ಕುವವಳು ಓಡುತ್ತಾ ಬಂದು ಹೊಸ್ತಿಲ ಹೊರಗೇ ನಿಂತಳು. ಮೊಣಕೈವರೆಗೆ ಬೂದಿ ಮೆತ್ತಿತ್ತು.

"ಎದುರು ಮನಿ ಅವ್ವಾರು ಹೋಗಿಬಿಟ್ರರಿ. ಪೂಜಿಗೆ ಕುಂತಾವ್ರು ಹಂಗ ಗ್ವಾಡಿಗೆ ಒರಗಿದ್ರು."

ನರಳಲಿಲ್ಲ, ಹಾಸಿಗೆ ಹಿಡಿಯಲಿಲ್ಲ, ಕೈಯಲ್ಲಿ ಲಿಂಗವಿರುವಾಗಲೇ ಹೋದರು. ಶಿವ ಇಷ್ಟು ಕರುಣೆ ಎಲ್ಲರಿಗೂ ತೋರಿಸುವುದಿಲ್ಲ.

ನನ್ನ ಕಣ್ಣೆದುರು ಮೊದಲು ಬಂದದ್ದು ಅವರ ಬಲಗಿವಿ. ಗಂಡ ತೀರಿದ ಮೇಲೆ ಬೆಂಡೋಲೆ ತೆಗೆದಿಟ್ಟಿದ್ದರು. ಆದರೆ ಅಷ್ಟು ವರ್ಷ ಬಂಗಾರ ಹೊತ್ತ ಆ ಕಿವಿಯ ಹಾಲೆ ಉದ್ದಕ್ಕೆ ಇಳಿದದ್ದು ಇಳಿದೇ ಇತ್ತು. ಎಡಗಿವಿ ಮಂದ. ಹಾಗಾಗಿ ರೇಡಿಯೋ ಹಚ್ಚುವ ಮುನ್ನ ಸೆರಗನ್ನು ಬಲಗಿವಿಯ ಹಿಂದೆ ಸಿಕ್ಕಿಸಿ, ಅದೇ ಮಗ್ಗುಲಿಗೆ ಮಣೆ ಎಳೆದುಕೊಂಡು ಕೂಡುತ್ತಿದ್ದರು.

ಹುಬ್ಬಳ್ಳಿಯ ನಮ್ಮ ಓಣಿಗೆಲ್ಲ ಅದೊಂದೇ ರೇಡಿಯೋ. ಹತ್ತಿ ವ್ಯಾಪಾರಿಯಾಗಿದ್ದ ಅವರ ಯಜಮಾನರು ಪೇಟೆ ಧಾರಣೆ ಕೇಳಲೆಂದು ತಂದದ್ದು. ಅವರಿದ್ದಾಗ ಹೆಂಗಸರಾರೂ ಅದರ ಗುಂಡಿ ಮುಟ್ಟಿರಲಿಲ್ಲ. ಅವರು ತೀರಿ ವರ್ಷ ತುಂಬಿದ ಮೇಲೆ ಅವ್ವಾರು ಒಂದು ಸಂಜೆ ಬಾಗಿಲು ತೆರೆದಿಟ್ಟು, "ಬರ್ರೆವಾ, ಒಬ್ಬಾಕಿನ ಕೇಳಿದ್ರ ಇದು ಮಾತಾಡಿದಂಗ ಅನಸೂದಿಲ್ಲ" ಎಂದು ಓಣಿಯವರನ್ನೆಲ್ಲ ಕರೆದರು. ಮದುವೆಯಾಗಿ ಹೊಸದಾಗಿ ಬಂದಿದ್ದ ನನಗೆ ಅತ್ತೆಯ ಜೊತೆ ಹೊಸ್ತಿಲು ದಾಟಲು ಗುಡಿ ಬಿಟ್ಟರೆ ಸಿಕ್ಕ ಇನ್ನೊಂದು ಜಾಗ ಅದು. ಆಗಿನ ಲೆಕ್ಕಕ್ಕೆ ಅದೇನು ಕಡಿಮೆ ಭಾಗ್ಯವಲ್ಲ.

ಅವ್ವಾರು ಕೈಕಾಲು ತೊಳೆಯದೆ ರೇಡಿಯೋ ಮುಟ್ಟುತ್ತಿರಲಿಲ್ಲ. ಮೇಲೆ ಹೊದಿಸಿದ ಕಸೂತಿ ಬಟ್ಟೆಯನ್ನು ಮದುಮಗಳ ಮುಸುಕು ತೆಗೆದಂತೆ ತೆಗೆಯುತ್ತಿದ್ದರು. ಕೇಳುವಾಗ ಕೈ ಸುಮ್ಮನಿರುತ್ತಿರಲಿಲ್ಲ, ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಿತ್ತು. ಹೊಸೆಯುವ ಕೈ ನಿಂತಿತೆಂದರೆ ರೇಡಿಯೋದ ಒಳಗಿನವರು ಆಡಿದ ಯಾವುದೋ ಮಾತು ಅವರಿಗೆ ಒಪ್ಪಿಲ್ಲವೆಂದೇ ಅರ್ಥ. ಕೀರ್ತನೆಯವರಾಗಲಿ, ವಾರ್ತೆ ಓದುವವರಾಗಲಿ, ಯಾರನ್ನೂ ಬಿಡುತ್ತಿರಲಿಲ್ಲ. "ಮಾತು ಪೂರಾ ಕೇಳ್ರಿ, ಆಮ್ಯಾಲೆ ಹೂಂ ಅನ್ರಿ" ಎನ್ನುವುದು ಅವರ ಯಾವತ್ತಿನ ಮಾತು.

ಒಂದು ಮಳೆಗಾಲ ವಾರಕ್ಕೊಂದು ಕಂತಿನಂತೆ ಪತ್ತೇದಾರಿ ನಾಟಕ ಬಂತು. ಒಬ್ಬ ಸಾಹುಕಾರನ ಕೊಲೆ. ಮನೆಯಲ್ಲಿ ಅಳಿಯ, ಕಾರಕೂನ, ತಮ್ಮನ ಮಗ, ಅಡಿಗೆಯವಳು. ವಾರವಿಡೀ ಬಾವಿಕಟ್ಟೆಯ ಮೇಲೆ ಅದೇ ಮಾತು. ಅವ್ವಾರ ಸಂಶಯ ತಮ್ಮನ ಮಗನ ಮೇಲೆ. "ಅಳಾಕತ್ತಾನ ಖರೇ, ಆದ್ರ ಮೂಗು ಒಮ್ಮೆನೂ ಸೀಟಿಲ್ಲ" ಎನ್ನುತ್ತಿದ್ದರು.

ಆ ದಿನಗಳಲ್ಲೇ ನಮ್ಮ ಮನೆಯಲ್ಲಿ ನೈವೇದ್ಯದ ಬೆಳ್ಳಿ ಬಟ್ಟಲು ಕಾಣೆಯಾಯಿತು. ಅತ್ತೆ ಗದ್ದಲ ಮಾಡಲಿಲ್ಲ. "ಅಮಾಸಿ ಮುಗದ ಮ್ಯಾಲೆ ಭಾಂಡೆಯಾಕಿನ್ನ ಬಿಡಸೋದ" ಎಂದು ಮೆಲ್ಲಗೆ ನನ್ನ ಹತ್ತಿರ, ಇನ್ನೂ ಮೆಲ್ಲಗೆ ಅವ್ವಾರ ಹತ್ತಿರ ಹೇಳಿದರು. ಆದರೂ ಎರಡೇ ದಿನದಲ್ಲಿ ಆ ಮಾತು ಓಣಿ ಸುತ್ತಿತು. ನಮ್ಮ ಮನೆಯಿಂದ ಕಳ್ಳತನವೆಂದು ಬಿಡಿಸಿದರೆ ಓಣಿಯಲ್ಲಿ ಬೇರೆ ಯಾವ ಮನೆಯವರೂ ಅವಳನ್ನು ಇಟ್ಟುಕೊಳ್ಳುತ್ತಿರಲಿಲ್ಲ. ಅವಳ ಗಂಡ ಗಿರಣಿಯ ಕೆಲಸ ಹೋಗಿ ಮನೆ ಹಿಡಿದಿದ್ದ. ಇದು ಎಲ್ಲರಿಗೂ ಗೊತ್ತಿತ್ತು.

ಕೊನೆಯ ಕಂತಿನ ಸಂಜೆ ಅವ್ವಾರ ಪಡಸಾಲೆ ತುಂಬಿತ್ತು. ಭಾಂಡೆಯವಳೂ ಕೆಲಸ ಮುಗಿಸಿ ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದಳು. ನಾಟಕದಲ್ಲಿ ಪತ್ತೇದಾರ ಎಲ್ಲರನ್ನೂ ನಿಲ್ಲಿಸಿ ಅಡಿಗೆಯವಳನ್ನು ಕೇಳಿದ: ಆ ರಾತ್ರಿ ಏನು ಮಾಡಿದೆ? ಅವಳೆಂದಳು, ದೀಪ ದೊಡ್ಡದು ಮಾಡಿ ಮಲಗಿದೆ. ಪತ್ತೇದಾರ ನಕ್ಕ. ಆ ರಾತ್ರಿ ಅಡಿಗೆಮನೆ ಕತ್ತಲಾಗಿತ್ತೆಂದು ಪಕ್ಕದ ಮನೆಯವರು ಕಂಡಿದ್ದಾರೆ, ನೀನು ಸುಳ್ಳು ಹೇಳಿದೆ, ಕೊಂದವಳು ನೀನೇ ಎಂದ. ಪೊಲೀಸರು ಬಂದರು. ಮುಗಿಯಿತು.

"ಅಡಿಗ್ಯಾಕೀನ ಅಂತ ನಾ ಮೊದಲ ಅಂದಿದ್ದಿಲ್ಲಾ?" ಎಂದರು ಅತ್ತೆ. ಎಲ್ಲರ ಕಣ್ಣೂ ಒಮ್ಮೆ ಮೆಟ್ಟಿಲ ಕಡೆ ಹೋಗಿ ಬಂದವು. ಅಲ್ಲಿದ್ದವಳು ಸೆರಗು ಸರಿಮಾಡಿಕೊಂಡು ಏಳಲು ನೋಡಿದಳು.

ಅವ್ವಾರ ಕೈಯಲ್ಲಿ ಬತ್ತಿ ನಿಂತಿತ್ತು. ಮುಗಿಯುವ ವಾದ್ಯಕ್ಕೂ ಕಾಯದೆ ರೇಡಿಯೋ ಬಂದ್ ಮಾಡಿ, "ಕುಂದರವಾ, ಇನ್ನೂ ಮುಗದಿಲ್ಲ" ಎಂದು ಅವಳಿಗೆ ಹೇಳಿ ಅತ್ತೆಯ ಕಡೆ ತಿರುಗಿದರು.

"ತಂಗಿ, ನಿನ್ನಿ ರಾತ್ರಿ ಅಡಿಗಿಮನಿ ದೀಪ ಏನ್ ಮಾಡಿ ಮಲಗಿದಿ?"

"ಏನ್ ಮಾಡತಾರ್ರಿ ಅಕ್ಕಾರ? ದೊಡ್ಡದು ಮಾಡಿ ಮಲಗಿದೆ."

"ಹಂಗಾರ ಸಾವ್ಕಾರನ್ನ ಕೊಂದಾಕಿ ನೀನ ಅದಿ."

ದೀಪ ಆರಿಸಿದೆ ಎಂದು ನಮ್ಮಲ್ಲಿ ಯಾವ ಹೆಂಗಸು ಬಾಯಿ ಬಿಟ್ಟು ಹೇಳುತ್ತಾಳೆ? ಆರುವುದು ಅಶುಭವೆಂದು ಅದನ್ನೇ ದೊಡ್ಡದು ಮಾಡಿದೆ ಎನ್ನುತ್ತೇವೆ. ಅಡಿಗೆಯವಳು ಖರೇ ಹೇಳಿದ್ದಳು, ದೀಪ ಆರಿಸಿಯೇ ಮಲಗಿದ್ದಳು. ದಿನಾ ಅದೇ ಮಾತನ್ನಾಡುವ ನಾವಿಷ್ಟು ಜನ ಕೂತು ಕೇಳಿದ್ದೆವು, ಒಬ್ಬರಿಗೂ ಹೊಳೆದಿರಲಿಲ್ಲ.

"ನಾಟಕ ಬರದಾವಗ ಗೊತ್ತಿಲ್ಲ, ಹೋಗಲಿ" ಎಂದರು ಅವ್ವಾರು. "ನಮಗೇನಾಗಿತ್ತು? ಇದ ಮಾತು ಸಾವ್ಕಾರನ ಹೇಣ್ತಿ ಆಡಿದ್ರ ತಿಳೀತಿತ್ತು. ಅಡಿಗ್ಯಾಕಿ ಆಡಿದ್ಲು, ನಮಗ ಕೇಳಿಸಲೇ ಇಲ್ಲ."

"ಅದು ನಾಟಕ ಬಿಡ್ರಿ" ಎಂದರು ಅತ್ತೆ, ಮುಖ ಬಿಗಿದು. "ಮನ್ಯಾಗ ಕಳದದ್ದು ಬ್ಯಾರೆ."

"ಬ್ಯಾರೆನ. ಬಟ್ಟಲದ ಬಗ್ಗೆ ಆಕಿ ಏನಂದ್ಲು?"

"ನಾ ಕೇಳಿಲ್ಲ."

"ಕೇಳು ಮತ್ತ. ಅಲ್ಲೇ ಕುಂತಾಳ."

ಅತ್ತೆ ಕೇಳಬೇಕಾಯಿತು. ಮೆಟ್ಟಿಲ ಮೇಲಿನವಳು ಎದ್ದು ನಿಂತು, "ಸ್ವಾಮಾರ ದಿನ ತಿಕ್ಕಿ ನೀರ ಇಳೀಲಿ ಅಂತ ಜಗಲಿ ಮ್ಯಾಲೆ ಡಬ್ಬ ಹಾಕಿದ್ನಿರಿ. ಆಮ್ಯಾಲೆ ನಾ ಕಂಡಿಲ್ರಿ" ಎಂದಳು. ಧ್ವನಿ ನಡುಗಲಿಲ್ಲ, ಅಳಲೂ ಇಲ್ಲ. ಅತ್ತೆ "ಆತು" ಎಂದರು.

ಮುಂದಿನ ವಾರ ಅದೇ ಹೊತ್ತಿಗೆ ಅವ್ವಾರು ಮತ್ತೆ ಎಲ್ಲರನ್ನೂ ಕರೆದರು. ರೇಡಿಯೋದ ಮುಸುಕು ತೆಗೆಯಲಿಲ್ಲ. ಕೊನೆಯ ಕಂತನ್ನು ತಾವೇ ಹೇಳಿದರು, ಎಲ್ಲರ ಧ್ವನಿಯಲ್ಲೂ. ಪತ್ತೇದಾರನಿಗೆ ತಮ್ಮದೊಂದು ಕೆಮ್ಮು ಸೇರಿಸಿದ್ದರು. ಮೂಗು ಸೀಟದ ತಮ್ಮನ ಮಗ ಸಿಕ್ಕಿಬಿದ್ದ, ಅಡಿಗೆಯವಳು ತನ್ನ ಸೀರೆಗಂಟು ಹೊತ್ತು ಮಗಳ ಮನೆಗೆ ಹೋದಳು. ಅಷ್ಟು ಚೆಂದದ ಕಂತು ಆ ಪೆಟ್ಟಿಗೆಯಿಂದ ಒಮ್ಮೆಯೂ ಬಂದಿಲ್ಲ. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ನಮ್ಮ ಬಟ್ಟಲು ಸಿಗಲಿಲ್ಲ. ಯಾರು ಒಯ್ದರೋ, ಯಾವ ಸಂದಿಯಲ್ಲಿ ಬಿತ್ತೋ, ಶಿವನಿಗೇ ಗೊತ್ತು. ಅಮಾವಾಸ್ಯೆ ಬಂತು, ಹೋಯಿತು. ಬಿಡಿಸುವ ಮಾತನ್ನು ಅತ್ತೆ ಮತ್ತೆ ಎತ್ತಲಿಲ್ಲ. ಮರುದಿನ ಬೆಳಿಗ್ಗೆ ಅಂಗಳದಲ್ಲಿ ಎಂದಿನಂತೆ ಪಾತ್ರೆಯ ಸದ್ದು ಕೇಳಿತು. ದೇವರ ಮನೆಯಲ್ಲಿ ಕೂತಿದ್ದ ನಾನು ಆ ಸದ್ದಿಗೂ ಒಂದು ನಮಸ್ಕಾರ ಹಾಕಿದೆ.

ಈಗ ನನ್ನ ಮಕ್ಕಳು ಜಗಳ ಹೊತ್ತು ತಂದಾಗ, ಯಾರದು ತಪ್ಪು ಎಂದು ಮೊದಲೇ ಅನ್ನಿಸಿರುತ್ತದೋ ಅವರ ಮಾತನ್ನೇ ಮೊದಲು ಕೇಳುತ್ತೇನೆ. ಇದು ಅವ್ವಾರಿಂದ ಬಂದ ಬುದ್ಧಿ, ನನ್ನದಲ್ಲ.

ಮಧ್ಯಾಹ್ನ ಅವರನ್ನು ಮಣ್ಣಿಗಿಟ್ಟು ಬಂದೆವು. ನಮ್ಮಲ್ಲಿ ಸೂತಕ ಹಿಡಿಯುವುದಿಲ್ಲ, ಮಿಂದು ಒಲೆ ಹಚ್ಚಿದೆ. ಸಂಜೆ ಭಾಂಡೆಯವಳು ಬಂದಳು, ಆದರೆ ಪಾತ್ರೆಗೆ ಕೈ ಹಚ್ಚದೆ ಹಿತ್ತಲ ಕಲ್ಲಿನ ಮೇಲೆ ಕೂತುಬಿಟ್ಟಳು. ಯಾರನ್ನೂ ನೋಡದೆ, "ಇನ್ನ ಮ್ಯಾಲೆ ನಮ್ಮಂಥಾರ ಮಾತು ಕೇಳಾವ್ರು ಯಾರ್ರೀ?" ಎಂದಳು.

ಅತ್ತೆ ಒಳಗಿನಿಂದ ಚಹಾದ ಬಟ್ಟಲು ಹಿಡಿದು ಬಂದು ಅವಳ ಪಕ್ಕದಲ್ಲೇ ಕೂತರು.

"ಯಾಕ, ನಾ ಇನ್ನೂ ಅದೀನಲ್ಲಾ" ಎಂದರು.

ಒಲೆಯ ಮೇಲಿನ ಹಾಲು ಉಗುರುಬೆಚ್ಚಗಾಗಿತ್ತು. ನಾನು ಹೆಪ್ಪು ಹಾಕಲು ಒಳಗೆ ಹೋದೆ.