ಕಾಂತಮ್ಮ ಟೀಚರ್ ಮುದ್ದೆ ಅಗಿದ ದಿನ

ಬಾಣಾವರದ ಅಂಗನವಾಡಿಯಲ್ಲಿ ಕಾಂತಮ್ಮ ಟೀಚರ್ ಇಪ್ಪತ್ತಾರು ವರ್ಷದಿಂದ ಇದ್ದಾರೆ. ಅವರ ಹತ್ತಿರ ಅಕ್ಷರ ತಿದ್ದಿದವರ ಮಕ್ಕಳೇ ಈಗ ಅದೇ ಚಾಪೆಯ ಮೇಲೆ ಕೂತು ಗಲಾಟೆ ಮಾಡುತ್ತವೆ. ಬಾಯಿ ಜೋರು, ಮನಸ್ಸು ಮೆದು. ಅವರು ಇಲ್ಲೇ ಹುಟ್ಟಿ ಬೆಳೆದವರೆಂದು ಊರಿನ ಅರ್ಧ ಜನ ನಂಬಿದ್ದಾರೆ.

ಕಳೆದ ಆಷಾಢದಲ್ಲಿ ತೆಂಗಿನ ನಾರಿನ ಫ್ಯಾಕ್ಟರಿಗೆ ಬಿಹಾರದಿಂದ ಕೆಲಸಕ್ಕೆ ಬಂದವರ ಮಗಳು ಸೋನಿ ಅಂಗನವಾಡಿಗೆ ಸೇರಿದಳು. ನಾಲ್ಕು ವರ್ಷ, ಬಾಯಲ್ಲಿ ಒಂದು ಮಾತಿಲ್ಲ. ಒಂದು ದಿನ ಊಟಕ್ಕೆ ಮುದ್ದೆ, ಸೊಪ್ಪಿನ ಸಾರು. ಸೋನಿ ಮುದ್ದೆಯನ್ನು ಪಚಪಚ ಅಗಿದಳು. ಹಲ್ಲಿಗೆಲ್ಲ ಮೆತ್ತಿಕೊಂಡಿತು.

"ಅಗೀಬಾರ್ದು ಕಣೇ, ನುಂಗ್ಬೇಕು!" ಎಂದು ಪಕ್ಕದಲ್ಲಿ ಕೂತಿದ್ದ ರಘು ಕೂಗಿದ್ದೇ ತಡ, ಹದಿನೆಂಟು ಮಕ್ಕಳೂ ಬಿದ್ದು ಬಿದ್ದು ನಕ್ಕವು. ಸೋನಿ ತಟ್ಟೆ ತಳ್ಳಿ ಎದ್ದಳು. ಮಾರನೆಯ ದಿನ ಬರಲಿಲ್ಲ, ಅದರ ಮಾರನೆಯ ದಿನವೂ ಇಲ್ಲ. ಮಗು ಇನ್ನು ಬರದೇ ಹೋದರೆ ಗತಿಯೇನು ಎಂದು ಕಾಂತಮ್ಮನಿಗೆ ಊಟವೇ ಸೇರಲಿಲ್ಲ.

ಮೂರನೆಯ ದಿನ ಮನೆಯಿಂದ ಮುದ್ದೆ ತಂದು, ಮಕ್ಕಳ ಮುಂದೆ ಕೂತು, ಥೇಟ್ ಸೋನಿಯ ಹಾಗೇ ಅಗಿದರು.

"ಅಯ್ಯೋ ಟೀಚರ್, ನಿಮ್ಗೂ ಗೊತ್ತಿಲ್ವಾ?"

"ಮದ್ವೆಯಾಗಿ ಬಂದಾಗ ಗೊತ್ತಿರ್ಲಿಲ್ಲ ಕಣ್ರೋ. ನಮ್ಮೂರು ಅರೇಹಳ್ಳಿ ಕಡೆ. ನಮ್ಮನೇಲಿ ಮೂರು ಹೊತ್ತೂ ಅಕ್ಕೀದೇ. ಇಲ್ಲಿ ಎಲ್ರೂ ನಕ್ಬಿಟ್ರು. ಹಿತ್ಲಿಗೋಗಿ ಅತ್ಕೊಂಡು ಕೂತಿದ್ದೆ."

ಟೀಚರ್ ಕೂಡ ಅಳುತ್ತಾರೆಂದು ಗೊತ್ತಾಗಿ ಮಕ್ಕಳ ಮುಖ ಚಿಕ್ಕದಾಯಿತು.

"ಮತ್ತೆ ಯಾವಾಗ ನಮ್ಮೂರೋರು ಆದ್ರಿ?" ರಘು ಕೇಳಿದ.

"ನುಂಗೋದು ವಾರಕ್ಕೇ ಕಲಿತೆ. ಆದ್ರೂ ನೆಂಟ್ರ ಮನೇಲಿದ್ದಂಗೇ ಇತ್ತು. ಒಂದಿನ ನಮ್ಮತ್ತೆ, 'ನಿಮ್ಮೂರ ಕಡುಬು ಮಾಡೋದು ನಂಗೂ ಹೇಳ್ಕೊಡೇ' ಅಂದ್ರು. ಅವತ್ತಿಂದ ಇದು ನನ್ನೂರು. ಬಂದೋರು ನಮ್ದು ಕಲೀತಾರೆ, ನಾವೂ ಅವ್ರದ್ದು ಒಸಿ ಕಲೀಬೇಕು. ಒಂದಾಗೋದು ಅಂದ್ರೆ ಅದೇ."

ಸಂಜೆ ಫ್ಯಾಕ್ಟರಿಯ ಶೆಡ್ಡಿಗೆ ಹೋಗಿ ಸೋನಿಯ ತಾಯಿಯೊಂದಿಗೆ ಅರ್ಧ ಹಿಂದಿ, ಅರ್ಧ ಕೈಸನ್ನೆಯಲ್ಲಿ ಮಾತಾಡಿದರು. ಬೆಳಿಗ್ಗೆ ಸೋನಿ ಬಂದಳು, ಕೈಯಲ್ಲೊಂದು ಡಬ್ಬಿ. ಕಾಂತಮ್ಮನಿಗೆ ಹೋದ ಜೀವ ಬಂದಂತಾಯಿತು. ಡಬ್ಬಿಯ ತುಂಬ ಲಿಟ್ಟಿ. ಹುರಿಗಡಲೆ ಹಿಟ್ಟು ತುಂಬಿ ಕೆಂಡದಲ್ಲಿ ಸುಟ್ಟ ಗೋಧಿ ಉಂಡೆ, ನೋಡಲು ಪುಟ್ಟ ಮುದ್ದೆಯೇ. ರಘು ಎಲ್ಲರಿಗಿಂತ ಮೊದಲು ಕೈ ಹಾಕಿದ. ತುಂಡು ಮುರಿದು, ಅಭ್ಯಾಸಬಲ ನೋಡಿ, ಗುಳುಂ ಎಂದು ನುಂಗಲು ಹೋದ. ಗಂಟಲಿಗೆ ಸಿಕ್ಕಿ ಕಣ್ಣಲ್ಲಿ ನೀರು ಬಂತು. ಕಾಂತಮ್ಮ ಬೆನ್ನಿಗೆ ಗುದ್ದಿ ನೀರು ಕುಡಿಸಿದರು.

ಸೋನಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಬಾಣಾವರಕ್ಕೆ ಬಂದ ಮೇಲೆ ಅವಳು ಆಡಿದ ಮೊದಲ ಕನ್ನಡ ಅದು:

"ನುಂಗ್ಬಾರ್ದು ಕಣೋ, ಅಗೀಬೇಕು!"

ರಘು ತೆಪ್ಪಗೆ ಅಗಿದ.